ನಿದ್ದೆ ಸರಿಪಡಿಸುವ ಕ್ರಮ: ಏಳುವ ಹೊತ್ತಿನಿಂದ ಶುರು ಮಾಡಿ

ನಿದ್ದೆ ಕೆಟ್ಟವರು ಬಹುತೇಕ ಒಂದೇ ಪಣ ತೊಡುತ್ತಾರೆ: ‘ಇವತ್ತಿನಿಂದ ಒಂಬತ್ತೂವರೆಗೆ ದೀಪ ಆರಿಸಿ ಮಲಗಿಬಿಡುತ್ತೇನೆ.’ ಮಲಗುತ್ತಾರೆ ಕೂಡ. ಹತ್ತೂವರೆಯಾಗುತ್ತದೆ, ಹನ್ನೊಂದೂವರೆಯಾಗುತ್ತದೆ, ಮಗ್ಗುಲು ಬದಲಿಸಿ ಬದಲಿಸಿ ಹಾಸಿಗೆಯ ಬಟ್ಟೆ ಕಾಲಡಿಯಲ್ಲಿ ಮುದ್ದೆಯಾಗುತ್ತದೆ. ಮೂರನೆಯ ರಾತ್ರಿಗೆ ಪಣ ಮುರಿಯುತ್ತದೆ. ಆಮೇಲೆ ಗಸಗಸೆ ಪಾಯಸ, ಬಿಸಿ ಹಾಲು, ಅಂಗಾಲಿಗೆ ಎಣ್ಣೆ. ಕೊನೆಗೆ ಯಾರೋ ಪರಿಚಯದವರು ಕೊಟ್ಟ ಮಾತ್ರೆ.

ಇವರಿಗೆ ಛಲಕ್ಕೇನೂ ಕೊರತೆಯಿಲ್ಲ. ಕ್ರಮ ತಲೆಕೆಳಗಾಗಿದೆ, ಅಷ್ಟೆ. ನಿದ್ದೆ ಯಾವಾಗ ಬರಬೇಕೆಂದು ಯಾರೂ ಅದಕ್ಕೆ ಅಪ್ಪಣೆ ಕೊಡಲಾರರು. ಏಳುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಬೆಳಗಿನ ತುದಿಯಿಂದ. ಮಲಗುವ ಹೊತ್ತನ್ನು ಮೊದಲು ಮುಂದಕ್ಕೆ ತಳ್ಳಬೇಕು, ಆಮೇಲೆ ಇಂಚಿಂಚಾಗಿ ಹಿಂದಕ್ಕೆ ಎಳೆದುಕೊಳ್ಳಬೇಕು. ವೈದ್ಯರು ಇದನ್ನು ಸಿಬಿಟಿ-ಐ ಎನ್ನುತ್ತಾರೆ, ಅಂದರೆ ಮಾತ್ರೆಯಿಲ್ಲದೆ ಅಭ್ಯಾಸ, ಯೋಚನೆಗಳನ್ನು ತಿದ್ದಿ ನಿದ್ದೆ ಸರಿಪಡಿಸುವ ಚಿಕಿತ್ಸೆ. ಬಹುಕಾಲದಿಂದ ನಿದ್ದೆ ಕೆಟ್ಟಿರುವ ವಯಸ್ಕರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಕೆಳಗಿರುವುದು ಅದರ ಮನೆಬಳಕೆಯ ರೂಪ, ನಾನೇ ಎಡವಿ ಎಡವಿ ಮುಗಿಸಿದ್ದು.

## ಯಾರು ಇದನ್ನು ತಾವೇ ಮಾಡಿಕೊಳ್ಳಬಾರದು

ಈ ಭಾಗವನ್ನು ಹಾರಿಸಿ ಓದುವವರೇ ಹೆಚ್ಚು. ದಯವಿಟ್ಟು ಹಾರಿಸಬೇಡಿ.

ಈ ಕ್ರಮದಲ್ಲಿ ಮೊದಲ ಎರಡು ಮೂರು ವಾರ ನಿದ್ದೆ ಇನ್ನಷ್ಟು ಕಡಿಮೆಯಾಗುತ್ತದೆ. ಅಪಸ್ಮಾರ ಇರುವವರಿಗೆ ನಿದ್ದೆಗೇಡು ಫಿಟ್ಸ್ ತರಿಸಬಹುದು. ಬೈಪೋಲಾರ್ ಕಾಯಿಲೆ ಇರುವವರನ್ನು ಅದು ಉನ್ಮಾದದ ಕಡೆಗೆ ತಳ್ಳಬಹುದು. ನಿದ್ದೆಯಲ್ಲಿ ಎದ್ದು ನಡೆಯುವವರು, ಗರ್ಭಿಣಿಯರು, ಲಾರಿ-ಬಸ್ಸು ಓಡಿಸುವವರು, ಕೈ ಸಿಕ್ಕಿಕೊಳ್ಳುವಂಥ ಯಂತ್ರಗಳ ಮುಂದೆ ನಿಲ್ಲುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗಿ, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತೀರಿ ಎಂದು ಮನೆಯವರು ಹೇಳಿದ್ದರೆ ನಿಮ್ಮ ತೊಂದರೆ ಬೇರೆ: ಸ್ಲೀಪ್ ಆಪ್ನಿಯ ಇರಬಹುದು. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಎಂಟು ಗಂಟೆ ಮಲಗಿದರೂ ಹಗಲೆಲ್ಲ ತೂಕಡಿಕೆ, ಮಾತ್ರೆಗೂ ಬಗ್ಗದ ರಕ್ತದೊತ್ತಡ, ಇವು ಅದರ ಗುರುತುಗಳು. ನಮ್ಮಲ್ಲಿ ಗೊರಕೆಯನ್ನು ಸುಖನಿದ್ದೆಯ ಲಕ್ಷಣ ಎಂದು ತಮಾಷೆ ಮಾಡಿ ಬಿಡುತ್ತಾರೆ. ಪರೀಕ್ಷೆ ಮಾಡಿಸಬೇಕಾದ ವಿಷಯ ಅದು. ಹಾಗೆಯೇ ಸಂಜೆಯಾದ ಮೇಲೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ, ಆಡಿಸದೆ ಇರಲಾಗದಿದ್ದರೆ ರಕ್ತದಲ್ಲಿ ಕಬ್ಬಿಣದ ಸಂಗ್ರಹ ಕಡಿಮೆಯಿದೆಯೇ ಎಂದು ನೋಡಿಸಿ. ಫೆರಿಟಿನ್ ಪರೀಕ್ಷೆ ಎಂದು ಕೇಳಿದರೆ ಸಾಕು.

ಈಗಾಗಲೇ ನಿದ್ದೆಮಾತ್ರೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಆಲ್ಪ್ರಜೋಲಮ್‌ನಂಥವನ್ನು ದಿಢೀರನೆ ಬಿಟ್ಟರೆ ನಿದ್ದೆ ಹಿಂದಿಗಿಂತ ಕೆಡುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ನಿದ್ದೆಯಿಲ್ಲದಿರುವುದರ ಜೊತೆಗೆ ಬದುಕೇ ಬೇಡವೆನಿಸುತ್ತಿದ್ದರೆ ಈ ಲೇಖನ ಪಕ್ಕಕ್ಕಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತನಾಡುತ್ತಾರೆ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಪೆನ್ನು. ಮೊಬೈಲ್ ಅಲ್ಲದ ಒಂದು ಅಲಾರಾಂ ಗಡಿಯಾರ. ಹಾಸಿಗೆಯಿಂದ ದೂರ ಇಡಬಹುದಾದ ಒಂದು ಕುರ್ಚಿ ಅಥವಾ ಚಾಪೆ, ಕಣ್ಣಿಗೆ ಹೊಡೆಯದ ಒಂದು ಸಣ್ಣ ದೀಪ.

ಸ್ಮಾರ್ಟ್ ಕೈಗಡಿಯಾರ ಕೊಡುವ ನಿದ್ದೆಯ ಅಂಕಗಳು ಬೇಡ. ಅಂಥ ಗಡಿಯಾರಗಳು ಅಲುಗಾಡದೆ ಎಚ್ಚರವಾಗಿ ಮಲಗಿದ್ದನ್ನೂ ಎಷ್ಟೋ ಸಲ ನಿದ್ದೆ ಎಂದು ಎಣಿಸಿಬಿಡುತ್ತವೆ. ಬೆಳಿಗ್ಗೆ ಲವಲವಿಕೆಯಿಂದ ಎದ್ದವನು ಅದರಲ್ಲಿ ‘54’ ನೋಡಿ ಸುಸ್ತಾಗುವುದನ್ನೂ ಕಂಡಿದ್ದೇನೆ.

## ಹಂತ 1: ಏಳು ದಿನ ಬರೆದಿಡಿ, ಏನನ್ನೂ ಬದಲಿಸಬೇಡಿ

ಮೊದಲ ವಾರ ನಿಮ್ಮ ಕೆಟ್ಟ ಅಭ್ಯಾಸಗಳೆಲ್ಲ ಹಾಗೆಯೇ ಇರಲಿ. ಹಾಸಿಗೆಗೆ ಹೋದದ್ದು, ದೀಪ ಆರಿಸಿದ್ದು, ನಿದ್ದೆ ಹತ್ತಲು ಹಿಡಿದ ಸಮಯ, ನಡುವೆ ಎಚ್ಚರವಿದ್ದ ಒಟ್ಟು ಹೊತ್ತು, ಕೊನೆಯ ಎಚ್ಚರ, ಹಾಸಿಗೆ ಬಿಟ್ಟದ್ದು, ಹಗಲು ನಿದ್ದೆ, ಕಾಫಿ-ಚಹಾ ಕುಡಿದ ಹೊತ್ತು. ಇಷ್ಟೇ.

ಬರೆಯಬೇಕಾದದ್ದು ಬೆಳಿಗ್ಗೆ, ಅಂದಾಜಿನಲ್ಲಿ. ಎಲ್ಲರೂ ಎಡವುವ ಮೊದಲ ಕಲ್ಲು ಇದು: ಸರಿಯಾಗಿ ಬರೆಯಬೇಕೆಂದು ರಾತ್ರಿಯಿಡೀ ಗಡಿಯಾರ ನೋಡುತ್ತಾರೆ. ಎರಡು ಗಂಟೆಗೆ ಗಡಿಯಾರ ನೋಡಿದವನು ‘ಇನ್ನು ನಾಲ್ಕೇ ಗಂಟೆ ಉಳಿದಿದೆ’ ಎಂಬ ಲೆಕ್ಕಕ್ಕೆ ಬೀಳುತ್ತಾನೆ, ಲೆಕ್ಕ ಮಾಡುವ ತಲೆಗೆ ನಿದ್ದೆ ಎಲ್ಲಿಂದ ಬರಬೇಕು? ಅಲಾರಾಂ ಇಟ್ಟು ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿ.

ನನ್ನ ಪುಸ್ತಕದ ಮೂರನೆಯ ದಿನ ಹೀಗಿದೆ: ‘10:00 ಹಾಸಿಗೆ. 10:15 ದೀಪ. ನಿದ್ದೆ ಹತ್ತಿದ್ದು 11:45 ಇರಬಹುದು. ನಡುರಾತ್ರಿ ಎಚ್ಚರ, ಒಂದು ಗಂಟೆ. 5:45ಕ್ಕೆ ಕಣ್ಣು ಬಿಟ್ಟೆ, 6:30ರವರೆಗೆ ಸುಮ್ಮನೆ ಬಿದ್ದುಕೊಂಡಿದ್ದೆ. ಕಾಫಿ: 7, 11, 4, 6:30.’ ಸಂಜೆ ಆರೂವರೆಯ ಆ ನಾಲ್ಕನೆಯ ಕಾಫಿಯನ್ನು ನಾನು ಕುಡಿಯುತ್ತಿದ್ದೇನೆಂಬುದೇ ಬರೆಯುವ ತನಕ ನನ್ನ ಗಮನಕ್ಕೆ ಬಂದಿರಲಿಲ್ಲ.

## ಹಂತ 2: ಒಂದು ಭಾಗಾಕಾರ

ವಾರದ ಕೊನೆಗೆ ಎರಡು ಸರಾಸರಿ ತೆಗೆಯಿರಿ: ಹಾಸಿಗೆಯಲ್ಲಿ ಕಳೆದ ಹೊತ್ತು, ನಿಜವಾಗಿ ನಿದ್ದೆ ಮಾಡಿದ ಹೊತ್ತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ.

ನನ್ನದು ಹಾಸಿಗೆಯಲ್ಲಿ ಎಂಟೂವರೆ ಗಂಟೆ, ಅಂದರೆ 510 ನಿಮಿಷ. ನಿದ್ದೆ 5 ಗಂಟೆ 40 ನಿಮಿಷ, ಅಂದರೆ 340. ಭಾಗಿಸಿದರೆ ಸುಮಾರು ಶೇ 67. ಹಾಸಿಗೆಯಲ್ಲಿ ಕಳೆದ ಮೂರರಲ್ಲಿ ಒಂದು ಪಾಲು ಬರೀ ಹೊರಳಾಟ. ಈ ಸಂಖ್ಯೆ ಶೇ 85 ದಾಟಿದರೆ ಒಳ್ಳೆಯದು. ನಿಮ್ಮದು ಆಗಲೇ 85ಕ್ಕಿಂತ ಮೇಲಿದ್ದೂ ಹಗಲು ಸುಸ್ತಿದ್ದರೆ ನಿಮಗೆ ನಿದ್ದೆ ಬಾರದ ತೊಂದರೆಯಿಲ್ಲ. ನೀವು ಮಲಗುವ ಹೊತ್ತೇ ಸಾಲದು, ಇಲ್ಲವೇ ಮೇಲೆ ಹೇಳಿದ ಗೊರಕೆಯ ಸಂಗತಿ ಇದೆ. ನಿಮಗೆ ಈ ಕ್ರಮ ಬೇಡ.

ವಯಸ್ಕರಿಗೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು, 13ರಿಂದ 18 ವಯಸ್ಸಿನವರಿಗೆ ಎಂಟರಿಂದ ಹತ್ತು, 6ರಿಂದ 12ರ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ನಾಲ್ಕೂವರೆಗೆ ಎಬ್ಬಿಸಿ ಪರೀಕ್ಷೆಗೆ ಓದಿಸುವ ಅಪ್ಪ-ಅಮ್ಮಂದಿರು ಇನ್ನೊಮ್ಮೆ ಈ ಸಾಲು ಓದಲಿ. ಆದರೆ ಏಳು ಗಂಟೆ ಎಂಬುದು ತಲುಪಬೇಕಾದ ಊರು. ಇವತ್ತು ರಾತ್ರಿಯೇ ತಲುಪಲು ಹೊರಟರೆ ಮತ್ತೆ ಒಂಬತ್ತೂವರೆಯ ಪಣಕ್ಕೇ ಬಂದು ನಿಲ್ಲುತ್ತೀರಿ.

## ಹಂತ 3: ಏಳುವ ಹೊತ್ತಿಗೆ ಮೊಳೆ ಹೊಡೆಯಿರಿ

ವಾರದ ಏಳು ದಿನವೂ ಪಾಲಿಸಬಹುದಾದ ಒಂದು ಹೊತ್ತು ಆರಿಸಿ. ಕಚೇರಿಯ ದಿನಕ್ಕೆ ಹೊಂದುವುದೇ ಭಾನುವಾರಕ್ಕೂ. ನಾನು ಆರು ಗಂಟೆ ಹಿಡಿದೆ. ಬ್ರಾಹ್ಮೀ ಮುಹೂರ್ತದ ಹಟ ಬೇಡ. ನಿಮ್ಮ ಬದುಕಿಗೆ ಏಳೂವರೆ ಹೊಂದಿದರೆ ಏಳೂವರೆಯೇ ಸರಿ.

ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಬನ್ನಿ, ಇಪ್ಪತ್ತು ಮೂವತ್ತು ನಿಮಿಷ ಇರಿ. ರಂಗೋಲಿ ಹಾಕುವುದೋ, ಹಾಲು ತರುವುದೋ, ತಾರಸಿಯ ಗಿಡಗಳಿಗೆ ನೀರು ಹಾಕುವುದೋ, ಯಾವುದಾದರೂ ಸರಿ. ದೇಹದೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಬೆಳಕು. ಮಲೆನಾಡಿನ ಮಳೆಗಾಲದ ಮೋಡದಡಿಯ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಹೆಚ್ಚು. ಬೆಂಗಳೂರಿನಲ್ಲಿ ಜೂನ್ ಮೊದಲಲ್ಲಿ ಆರಕ್ಕೂ ಮುನ್ನ ಸೂರ್ಯ ಹುಟ್ಟುತ್ತಾನೆ, ಜನವರಿ ಕೊನೆಯಲ್ಲಿ 6:45ರ ಸುಮಾರಿಗೆ. ಚಳಿಗಾಲದಲ್ಲಿ ಆರಕ್ಕೇ ಎದ್ದು ಹೊರಗೆ ಹೋದರೆ ಕತ್ತಲೆಯೇ ಸಿಗುವುದು. ಒಂದಿಷ್ಟು ಕಾದು ಹೋಗಿ.

ಈ ಹಂತ ಮುರಿದುಬೀಳುವುದು ಯಾವಾಗಲೂ ಭಾನುವಾರ. ಶನಿವಾರ ರಾತ್ರಿ ನಿದ್ದೆ ಕೆಟ್ಟಿತೆಂದು ಒಂಬತ್ತರವರೆಗೆ ಮಲಗಿದರೆ ಭಾನುವಾರ ರಾತ್ರಿ ಹನ್ನೆರಡಾದರೂ ನಿದ್ದೆ ಹತ್ತದು, ಸೋಮವಾರ ಶವದಂತೆ ಏಳುತ್ತೀರಿ. ಕೆಟ್ಟ ರಾತ್ರಿಯ ಮರುದಿನವೂ ಅದೇ ಹೊತ್ತಿಗೆ ಏಳುವುದೇ ಇಡೀ ಕ್ರಮದ ಬೆನ್ನೆಲುಬು.

## ಹಂತ 4: ಮಲಗುವ ಹೊತ್ತನ್ನು ತಡ ಮಾಡಿ

ನಂಬಲು ಕಷ್ಟವಾಗುವ ಹಂತ ಇದು. ಎರಡನೆಯ ಹಂತದಲ್ಲಿ ಸಿಕ್ಕ ನಿಜವಾದ ನಿದ್ದೆಯ ಹೊತ್ತನ್ನು ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ನನ್ನ 5 ಗಂಟೆ 40 ನಿಮಿಷವನ್ನು 5:45 ಮಾಡಿಕೊಂಡೆ. ಬೆಳಿಗ್ಗೆ ಆರರಿಂದ ಹಿಂದಕ್ಕೆ ಹೋದರೆ ರಾತ್ರಿ 12:15. ಅದಕ್ಕೆ ಮೊದಲು ಹಾಸಿಗೆ ಮುಟ್ಟುವಂತಿಲ್ಲ.

ನಿಮ್ಮ ಸರಾಸರಿ ನಾಲ್ಕೇ ಗಂಟೆ ಬಂದಿದ್ದರೂ ಐದೂವರೆ ಗಂಟೆಗಿಂತ ಕೆಳಗೆ ಇಳಿಸಬೇಡಿ. ಅರವತ್ತು ದಾಟಿದವರು ಆರಕ್ಕೇ ನಿಲ್ಲಿಸಿದರೆ ಕ್ಷೇಮ.

ಇದು ಏಕೆ ಕೆಲಸ ಮಾಡುತ್ತದೆಂದರೆ ನಿದ್ದೆಗೂ ಹಸಿವಿನ ಸ್ವಭಾವವಿದೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗುತ್ತದೆ, ನಿದ್ದೆಯ ಒತ್ತಡ ಏರುತ್ತದೆ. ದಿನವಿಡೀ ಚಕ್ಕುಲಿ ನಿಪ್ಪಟ್ಟು ಮೆಲ್ಲುತ್ತಿದ್ದವನಿಗೆ ಊಟದ ಹೊತ್ತಿಗೆ ಹಸಿವಾಗದು. ಹಾಸಿಗೆಯಲ್ಲಿ ಎಂಟೂವರೆ ಗಂಟೆ ಬಿದ್ದುಕೊಂಡು ಕೋಳಿನಿದ್ದೆ ಮಾಡುವವನ ಪಾಡೂ ಅದೇ. ಹೊತ್ತನ್ನು ಕಿರಿದು ಮಾಡಿದಾಗ ಹಸಿವು ಏರಿ, ಚೂರುಚೂರಾಗಿದ್ದ ನಿದ್ದೆ ಒಂದಾಗಿ ಕೂಡಿಕೊಳ್ಳುತ್ತದೆ.

ಎರಡನೆಯ ವಾರ ಕಷ್ಟ. ರಾತ್ರಿ ಹತ್ತರಿಂದ ಹನ್ನೆರಡೂಕಾಲರವರೆಗೆ ಎಚ್ಚರವಿರುವುದು ಹೇಗೆ? ಸೋಫಾದಲ್ಲಿ ಒರಗಿದರೆ ಹನ್ನೊಂದಕ್ಕೆ ಜೊಂಪು ಹತ್ತುತ್ತದೆ, ಅಲ್ಲಿಗೆ ಆ ರಾತ್ರಿಯ ಕೆಲಸ ಕೆಟ್ಟಿತು. ನಾನು ಶುರು ಮಾಡಿದ್ದು ಡಿಸೆಂಬರಿನಲ್ಲಿ, ಅವರೆಕಾಯಿಯ ಕಾಲ. ನೆನೆಹಾಕಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಡುಗೆಮನೆಯ ಮಣೆಯ ಮೇಲೆ ಕುಳಿತುಬಿಡುತ್ತಿದ್ದೆ. ಹೆಬ್ಬೆರಳಿನಲ್ಲಿ ಒತ್ತಿದರೆ ಸಿಪ್ಪೆಯಿಂದ ಕಾಳು ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತದೆ. ಕೈಗೆ ಕೆಲಸ, ತಲೆಗೆ ಇಲ್ಲ. ಎರಡು ವಾರ ನಮ್ಮ ಮನೆಯಲ್ಲಿ ಹಿತಕಿದವರೆ ಸಾರಿಗೆ ಬರವಿರಲಿಲ್ಲ. ಅವರೆಯ ಕಾಲವಲ್ಲದಿದ್ದರೆ ಬಟ್ಟೆ ಮಡಚಿ, ಹುಣಸೆಹಣ್ಣಿನ ಬೀಜ ಬಿಡಿಸಿ, ಷರ್ಟಿಗೆ ಗುಂಡಿ ಹೊಲಿಯಿರಿ. ಒರಗದೆ, ನೇರ ಕುಳಿತು ಮಾಡುವ ಕೆಲಸವಾಗಿದ್ದರೆ ಸಾಕು.

ಎಚ್ಚರಿಕೆ: ಈ ವಾರಗಳಲ್ಲಿ ಹೆದ್ದಾರಿಯಲ್ಲಿ ಗಾಡಿ ಓಡಿಸಬೇಡಿ. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನ ಮಿತಿ ಶೇ 0.03. ಕುಡಿಯದೆಯೂ ಕುಡಿದವನಂತೆ ಓಡಿಸುತ್ತಿರುತ್ತೀರಿ. ಕಣ್ಣು ಎಳೆದರೆ ಗಾಜು ಇಳಿಸಿ, ಹಾಡು ಹಾಕಿ ಮುಂದೆ ಹೋಗುವುದಲ್ಲ, ನಿಲ್ಲಿಸುವುದು.

## ಹಂತ 5: ಹಾಸಿಗೆಯ ಮೇಲೆ ನಿದ್ದೆ ಬಿಟ್ಟು ಬೇರೆ ಕೆಲಸ ಬೇಡ

ಹಾಸಿಗೆಯ ಮೇಲೆ ಊಟ, ಲ್ಯಾಪ್‌ಟಾಪ್, ಫೋನಿನಲ್ಲಿ ಜಗಳ, ತಿಂಗಳ ಖರ್ಚಿನ ಲೆಕ್ಕ, ಎಲ್ಲವನ್ನೂ ಮಾಡಿದರೆ ಮಿದುಳಿಗೆ ಹಾಸಿಗೆ ಎಂದರೆ ಎಚ್ಚರದ ಜಾಗ ಎಂದು ಪಾಠವಾಗುತ್ತದೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಹಾಸಿಗೆಗೆ ಹೋದ ತಕ್ಷಣ ಕಣ್ಣರಳಿಸಿಕೊಳ್ಳುವುದು ಇದಕ್ಕೇ. ದಾಂಪತ್ಯವೊಂದನ್ನು ಹೊರತುಪಡಿಸಿ ಮಿಕ್ಕದ್ದೆಲ್ಲ ಹಾಸಿಗೆಯಿಂದ ಇಳಿಯಬೇಕು.

ನಿಗದಿಯ ಹೊತ್ತಾದರೂ ನಿದ್ದೆ ಬರದಿದ್ದರೆ ಹಾಸಿಗೆಗೆ ಹೋಗಬೇಡಿ. ಹೋದ ಮೇಲೆ ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಆ ಕುರ್ಚಿಗೆ ಹೋಗಿ. ಗಡಿಯಾರ ನೋಡುವಂತಿಲ್ಲವಾದ್ದರಿಂದ ಮೈ ಬಿಸಿಯಾಗಿ ‘ಥತ್’ ಎನಿಸಿದ ಕ್ಷಣವನ್ನೇ ಇಪ್ಪತ್ತು ನಿಮಿಷ ಎಂದುಕೊಳ್ಳಿ. ಸಣ್ಣ ದೀಪದಲ್ಲಿ ಹಳೆಯ ಪಂಚಾಂಗ ತಿರುವಿ. ಫೋನ್ ಬೇಡ. ರೆಪ್ಪೆ ಭಾರವಾದಾಗ ಮರಳಿ. ಮತ್ತೆ ಬರಲಿಲ್ಲವೇ, ಮತ್ತೆ ಏಳಿ. ಮೊದಲ ಕೆಲವು ರಾತ್ರಿ ನಾಲ್ಕೈದು ಸಲ ಏಳುವುದು ಮಾಮೂಲು. ನಡುರಾತ್ರಿಯ ಎಚ್ಚರಕ್ಕೂ ಇದೇ ನಿಯಮ.

ಒಂದೇ ಕೋಣೆಯ ಮನೆಯಲ್ಲಿ ನಾಲ್ಕು ಜನ ಮಲಗುವವರು ಎಲ್ಲಿಗೆ ಏಳಬೇಕು ಎಂದು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಹಾಸಿಗೆಯಿಂದ ಎದ್ದು ಗೋಡೆಯ ಪಕ್ಕ ಬೇರೆ ಚಾಪೆಯ ಮೇಲೆ ಬೆನ್ನು ಆನಿಸಿ ಕುಳಿತರೂ ನಡೆಯುತ್ತದೆ. ಜಾಗ ಬದಲಾಗಬೇಕು, ಭಂಗಿ ಬದಲಾಗಬೇಕು.

ತಲೆಯಲ್ಲಿ ಚಿಂತೆಯ ಸಂತೆ ನೆರೆಯುತ್ತದೆ ಎನ್ನುವವರಿಗೆ ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಗಾದೆ ಹೇಳಿ ಕಳಿಸುವುದು ಸುಲಭ. ಚಿಂತೆ ಇರುವವನು ಮಾಡಬೇಕಾದದ್ದೇನು? ಸಂಜೆ ಏಳಕ್ಕೆ ಹದಿನೈದು ನಿಮಿಷ ಕುಳಿತು ಎಲ್ಲವನ್ನೂ ಬರೆಯುವುದು: ಸಾಲದ ಕಂತು, ಮಗಳ ಶುಲ್ಕ, ಅಮ್ಮನ ಮಂಡಿನೋವು. ಪ್ರತಿಯೊಂದರ ಎದುರಿಗೆ ನಾಳೆ ಮಾಡಬಹುದಾದ ಒಂದು ಕೆಲಸ. ನಾಳೆ ಮಾಡುವಂಥದ್ದೇನೂ ಇಲ್ಲದಿದ್ದರೆ ಗೀಟು ಎಳೆಯುವುದು. ಚಿಂತೆ ಹೋಗುವುದಿಲ್ಲ, ಆದರೆ ರಾತ್ರಿ ಬಂದಾಗ ‘ಬರೆದಾಗಿದೆ, ಹೋಗು’ ಎನ್ನಲು ಒಂದು ನೆಪ ಸಿಗುತ್ತದೆ.

## ಹಂತ 6: ಹಗಲಿನ ಬಾಬತ್ತು

ಕಾಫಿ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಲಿ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ನಾಲ್ಕರ ಕಾಫಿಯ ಅರ್ಧ ಒಂಬತ್ತಕ್ಕೂ ರಕ್ತದಲ್ಲಿರುತ್ತದೆ, ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕುಳಿತಿರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದನ್ನು 2013ರ ಅಧ್ಯಯನವೊಂದು ತೋರಿಸಿದೆ. ಚಹಾ, ಕೋಲಾ, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ. ‘ನಾನು ಕಾಫಿ ಕುಡಿದೇ ಮಲಗುತ್ತೇನೆ, ಏನೂ ಆಗುವುದಿಲ್ಲ’ ಎನ್ನುವವರು ಎರಡು ವಾರ ಬಿಟ್ಟು ನೋಡಿ ಆಮೇಲೆ ಹೇಳಲಿ. ಒಮ್ಮೆಲೇ ಬಿಟ್ಟರೆ ತಲೆ ಸಿಡಿಯುತ್ತದೆ, ಎರಡು ದಿನಕ್ಕೊಂದು ಲೋಟ ಕಡಿಮೆ ಮಾಡಿ.

ಹಗಲು ನಿದ್ದೆ ಈ ವಾರಗಳಲ್ಲಿ ಬೇಡ. ಮುದ್ದೆ ಊಟವನ್ನು ದೂರಬೇಡಿ. ಮಧ್ಯಾಹ್ನದ ಮಂಪರು ಉಣ್ಣದಿದ್ದರೂ ಬರುತ್ತದೆ, ದೇಹದ ಗಡಿಯಾರದಲ್ಲೇ ಆ ಇಳಿತವಿದೆ. ತಡೆಯಲಾಗದಿದ್ದರೆ ಮೂರು ಗಂಟೆಗೆ ಮೊದಲು, ಅಲಾರಾಂ ಇಟ್ಟು ಇಪ್ಪತ್ತು ನಿಮಿಷ.

ರಾತ್ರಿ ಊಟ ಮಲಗುವ ಎರಡು ಮೂರು ಗಂಟೆ ಮೊದಲು. ಮದ್ಯ ಬೇಗ ಮಲಗಿಸುತ್ತದೆ ನಿಜ, ಮೂರು ಗಂಟೆಗೆ ಎಬ್ಬಿಸುವುದೂ ಅದೇ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಒಳ್ಳೆಯದು: ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಹೋಗುತ್ತದೆ, ಮೈ ತಂಪಾಗುವಾಗ ನಿದ್ದೆ ಸುಲಭವಾಗಿ ಹತ್ತುತ್ತದೆ. ಗಸಗಸೆ ಪಾಯಸ ಕುಡಿಯುವವರು ಕುಡಿಯಿರಿ, ರುಚಿಗೆ.

## ಹಂತ 7: ವಾರಕ್ಕೆ ಹದಿನೈದು ನಿಮಿಷ

ಪ್ರತಿ ಭಾನುವಾರ ಮತ್ತೆ ಅದೇ ಭಾಗಾಕಾರ. ಶೇ 85 ಅಥವಾ ಮೇಲಿದ್ದರೆ ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ ತನ್ನಿ. 80ರಿಂದ 85ರ ನಡುವೆ ಇದ್ದರೆ ಏನೂ ಬದಲಿಸಬೇಡಿ. 80ಕ್ಕಿಂತ ಕೆಳಗಿದ್ದರೆ ಹದಿನೈದು ನಿಮಿಷ ಇನ್ನೂ ತಡ ಮಾಡಿ, ಐದೂವರೆಯ ಗೆರೆ ದಾಟದೆ. ಏಳುವ ಹೊತ್ತನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಇಲ್ಲಿ ಕೆಡಿಸುವುದು ಆತುರ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತೆಂದು ಒಂದು ಗಂಟೆ ಮುಂಚೆ ಮಲಗಿಬಿಡುತ್ತಾರೆ, ಮತ್ತೆ ಹೊರಳಾಟ. ನನಗೆ ನಾಲ್ಕನೆಯ ವಾರ ಸಂಬಂಧಿಕರ ಮದುವೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದದ್ದರಿಂದ ಲೆಕ್ಕ 78ಕ್ಕೆ ಬಿತ್ತು. ಒಂದು ವಾರ ಹಿಂದೆ ಸರಿದೆ, ಮತ್ತೆ ಏರಿದೆ. ಏಳು ಗಂಟೆಯ ನಿದ್ದೆಗೆ ಬಂದು ನಿಲ್ಲಲು ಎರಡೂವರೆ ತಿಂಗಳು ಹಿಡಿಯಿತು. ಎಲ್ಲಿ ನಿಲ್ಲಬೇಕೆಂದರೆ, ಬೆಳಿಗ್ಗೆ ಹನ್ನೊಂದಕ್ಕೆ ಕಾಫಿಯಿಲ್ಲದೆ, ಆಕಳಿಸದೆ ಕೆಲಸ ಮಾಡುವಷ್ಟಾದಾಗ.

## ರಾತ್ರಿ ಪಾಳಿಯವರಿಗೆ

ವಾರಕ್ಕೊಮ್ಮೆ ಪಾಳಿ ಬದಲಾಗುವವರಿಗೆ ಮೇಲಿನ ಕ್ರಮ ಹೊಂದುವುದಿಲ್ಲ. ಖಾಯಂ ರಾತ್ರಿ ಪಾಳಿಯಾದರೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಕಿಟಕಿಗೆ ದಪ್ಪ ಪರದೆ ಹಾಕಿ, ಬಂದ ಕೂಡಲೇ ಮಲಗಿ. ರಜೆಯ ದಿನವೂ ಬೆಳಿಗ್ಗೆ ಅದೇ ಹೊತ್ತಿನಲ್ಲಿ ಕನಿಷ್ಠ ನಾಲ್ಕು ತಾಸು ನಿದ್ದೆ ಇರಲಿ, ಪೂರಾ ಹಗಲಿನ ಮನುಷ್ಯರಾಗಲು ಹೋಗಬೇಡಿ. ಪಾಳಿ ಮುಗಿಸಿ ಬೈಕಿನಲ್ಲಿ ಬರುವುದಕ್ಕಿಂತ ಕಂಪನಿಯ ವಾಹನ ಮೇಲು. ಮನೆಯವರಿಗೆ ಒಂದು ಮಾತು: ಬೆಳಿಗ್ಗೆ ಹತ್ತಕ್ಕೆ ಮಲಗಿರುವವರನ್ನು ಕೊರಿಯರ್ ಬಂತೆಂದು ಎಬ್ಬಿಸುವುದೂ, ನಿಮ್ಮನ್ನು ರಾತ್ರಿ ಎರಡಕ್ಕೆ ಎಬ್ಬಿಸುವುದೂ ಒಂದೇ.

## ಮತ್ತೆ ಕೆಟ್ಟರೆ

ಜ್ವರ, ಹಬ್ಬ, ಊರಿನ ಪ್ರಯಾಣ, ಸಾವು-ನೋವು ಬಂದಾಗ ನಿದ್ದೆ ಕೆಡುತ್ತದೆ. ಒಂದು ಕೆಟ್ಟ ರಾತ್ರಿಗೆ ಏನೂ ಮಾಡಬೇಡಿ, ಅದೇ ಹೊತ್ತಿಗೆ ಏಳಿ, ಅಷ್ಟೆ. ಸತತ ಎರಡು ವಾರ ಕೆಟ್ಟರೆ ನೋಟ್‌ಬುಕ್ ತೆಗೆದು ಮೊದಲ ಹಂತದಿಂದ ಶುರು ಮಾಡಿ; ಎರಡನೆಯ ಸಲ ಇಷ್ಟು ದಿನ ಹಿಡಿಯುವುದಿಲ್ಲ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದೇ ಕರೆಯುತ್ತಾರೆ. ಎಂಟು ವಾರ ತಪ್ಪದೆ ಪಾಲಿಸಿಯೂ ಲೆಕ್ಕ 80 ದಾಟದಿದ್ದರೆ ಆ ನೋಟ್‌ಬುಕ್ಕನ್ನೇ ವೈದ್ಯರ ಮೇಜಿನ ಮೇಲಿಡಿ. ‘ನಿದ್ದೆನೇ ಬರುವುದಿಲ್ಲ ಡಾಕ್ಟ್ರೇ’ ಎಂದರೆ ಅವರು ಮಾತ್ರೆ ಬರೆಯಬಹುದು. ಅರವತ್ತು ದಿನಗಳ ಹೊತ್ತು, ಎಚ್ಚರ, ಕಾಫಿ ಎಲ್ಲ ಮುಂದಿದ್ದರೆ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.